ಕೈ ವೇಗವಾಗಿದ್ದರೂ ಏಟು ತಿನ್ನುವವನು ನಾನೇ: ಬಾಕ್ಸಿಂಗ್‌ನಲ್ಲಿ ಲಯದ ಪಾತ್ರವೇನು?

ಹಾಸನದ ಹೊಸಬ:
ಹಾಸನದಲ್ಲಿ ಕಾಲೇಜು ಓದುತ್ತ ಎಂಟು ತಿಂಗಳಿನಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನನ್ನ ಕೈ ಚುರುಕಾಗಿದೆ ಎಂದು ಜೊತೆಯವರು ಹೇಳುತ್ತಾರೆ. ಆದರೆ ನನಗಿಂತ ಹತ್ತು ವರ್ಷ ದೊಡ್ಡವರಾದ, ಸ್ವಲ್ಪ ಹೊಟ್ಟೆಯೂ ಬಂದಿರುವ ಒಬ್ಬರು, ಅಭ್ಯಾಸದ ಸೆಣಸಾಟದಲ್ಲಿ ನಾನು ಮುಂದೆ ಹೆಜ್ಜೆಯಿಟ್ಟ ಕ್ಷಣಕ್ಕೆ ಸರಿಯಾಗಿ ಗುದ್ದು ಇಳಿಸುತ್ತಾರೆ. ಕಾರಣ ಕೇಳಿದರೆ, "ನಿನ್ನ ತಾಳ ನನಗೆ ಬಾಯಿಪಾಠವಾಗಿದೆ" ಎಂದು ನಗುತ್ತಾರೆ. ವೃತ್ತಿಪರ ಪಂದ್ಯಗಳಲ್ಲಿಯೂ ಹೀಗೆಯೇ ನಡೆಯುತ್ತದೆಯೇ, ಅಥವಾ ಅಲ್ಲಿ ಕೊನೆಗೆ ಬಲವೇ ಗೆಲ್ಲುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ರುದ್ರಪಟ್ಟಣದ ಕಡೆಯವನು:
ನಾನು ಗ್ಲೌಸ್ ತೊಟ್ಟವನಲ್ಲ, ಮೃದಂಗ ನುಡಿಸುವವನು. ಪಂದ್ಯ ನೋಡುವ ಹುಚ್ಚು ಮಾತ್ರ ವಿಪರೀತ. ನಮ್ಮಲ್ಲಿ ಹಾಡು ತಾಳದ ಮೊದಲ ಪೆಟ್ಟಿನೊಂದಿಗೇ ಎತ್ತಿಕೊಂಡರೆ ಸಮ, ಅದಕ್ಕೂ ಮುಂಚೆ ಎತ್ತಿಕೊಂಡರೆ ಅತೀತ, ಪೆಟ್ಟು ಬಿದ್ದ ಮೇಲೆ ಎತ್ತಿಕೊಂಡರೆ ಅನಾಗತ. ನೀವು ಬಹುಶಃ ಎರಡು ಬಾರಿ ಪುಟಿದು ಮೂರನೆಯದಕ್ಕೆ ನುಗ್ಗುತ್ತ ಸದಾ ಸಮದಲ್ಲಿಯೇ ಗುದ್ದುತ್ತಿದ್ದೀರಿ. ಎಷ್ಟೇ ವೇಗವಾಗಿದ್ದರೂ, ಬರುವ ಹೊತ್ತು ಎದುರಾಳಿಗೆ ಗೊತ್ತಿರುವ ಗುದ್ದನ್ನು ತಪ್ಪಿಸಿಕೊಳ್ಳುವುದು ಕಷ್ಟವಲ್ಲ.

2012ರ ಡಿಸೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೆಕ್ಸಿಕೋದ ಬಾಕ್ಸರ್ ಮಾರ್ಕೆಜ್ ಮತ್ತು ಫಿಲಿಪ್ಪೀನ್ಸ್‌ನ ಬಾಕ್ಸರ್ ಪ್ಯಾಕಿಯಾವೊ ಅವರ ಪಂದ್ಯವನ್ನು ನೋಡಿ. ಅದಕ್ಕೂ ಮೊದಲು ಇಬ್ಬರೂ ಮೂರು ಬಾರಿ ಸೆಣಸಿದ್ದರು. ಒಂದು ಪಂದ್ಯ ಡ್ರಾ ಆಗಿತ್ತು, ಎರಡರಲ್ಲಿ ಮಾರ್ಕೆಜ್ ಸೋತಿದ್ದರು. ಈ ಸಲವೂ ಐದನೆಯ ಸುತ್ತಿನಲ್ಲಿ ಅವರು ನೆಲಕ್ಕೆ ಬಿದ್ದರು, ಆರನೆಯದರಲ್ಲಿ ಪ್ಯಾಕಿಯಾವೊ ಮೇಲೆ ಮೇಲೆ ಬರುತ್ತಿದ್ದರು. ಸುತ್ತು ಮುಗಿಯಲು ಒಂದೇ ಸೆಕೆಂಡ್ ಉಳಿದಿರುವಾಗ, ಪ್ಯಾಕಿಯಾವೊ ಒಳನುಗ್ಗಿದ ಗಳಿಗೆಗೆ ಸರಿಯಾಗಿ ಮಾರ್ಕೆಜ್‌ರ ಬಲಗೈ ಬಂದು ಪಂದ್ಯವೇ ಮುಗಿಯಿತು. ನುಗ್ಗಿ ಬರುವವನ ದೇಹದ ಭಾರವೂ ಗುದ್ದಿಗೆ ಕೂಡಿಕೊಳ್ಳುವುದರಿಂದ, ಅಲ್ಲಿ ಕೈಯ ವೇಗ ಎರಡನೆಯ ಮಾತು.

ಚಿಕ್ಕಮಗಳೂರಿನ ನಿವೃತ್ತ ಮೇಷ್ಟ್ರು:
ಮೇಲಿನವರು ತಾಳದ ಮಾತು ಹೇಳಿದರು, ನಾನು ಗರಡಿಯ ಮಾತು ಹೇಳುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಉಸ್ತಾದರು, ಪಟ್ಟು ಹಾಕುವ ಮೊದಲು ಎದುರಾಳಿಯ ಉಸಿರು ನೋಡು ಎನ್ನುತ್ತಿದ್ದರು. ಬಾಕ್ಸಿಂಗ್‌ನಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ವೃತ್ತಿಪರ ಪುರುಷರ ಪ್ರಶಸ್ತಿ ಪಂದ್ಯವೆಂದರೆ ಮೂರು ಮೂರು ನಿಮಿಷಗಳ 12 ಸುತ್ತುಗಳು, ನಡುವೆ ಒಂದೊಂದೇ ನಿಮಿಷದ ವಿರಾಮ. ಸಿಟ್ಟಿಗೆದ್ದು ಉಸಿರು ಬಿಗಿಹಿಡಿದು ಗುದ್ದುವವನ ತೋಳು ಅರ್ಧ ದಾರಿಯಲ್ಲೇ ಭಾರವಾಗುತ್ತದೆ.

1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ 32 ವರ್ಷದ ಮೊಹಮ್ಮದ್ ಅಲಿ ಎದುರಿಸಿದ್ದು, ಅಲ್ಲಿಯವರೆಗೆ 40 ಪಂದ್ಯಗಳಲ್ಲಿ ಒಂದನ್ನೂ ಸೋಲದ, 25 ವರ್ಷದ ಜಾರ್ಜ್ ಫೋರ್‌ಮನ್ ಅವರನ್ನು. ಅಲಿ ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮುಚ್ಚಿ, ಆ ಭಯಂಕರ ಗುದ್ದುಗಳನ್ನು ಮೈಮೇಲೆ ತೆಗೆದುಕೊಳ್ಳುತ್ತ ಕಾದರು. ಅವರು ಸುಮ್ಮನೆ ಸಹಿಸಿಕೊಂಡರೆಂದು ಹಲವರು ಬರೆಯುತ್ತಾರೆ, ಅದು ಅರ್ಧ ಸತ್ಯ. ನಡುನಡುವೆ ಚುರುಕಾಗಿ ಮುಖಕ್ಕೆ ಗುದ್ದುತ್ತ, ಮಾತಿನಿಂದ ಕೆಣಕುತ್ತ, ಫೋರ್‌ಮನ್ ಇನ್ನಷ್ಟು ಆವೇಶದಿಂದ ದಣಿಯುವಂತೆ ಮಾಡುತ್ತಿದ್ದರು. ಎಂಟನೆಯ ಸುತ್ತಿನಲ್ಲಿ ಫೋರ್‌ಮನ್ ನೆಲಕ್ಕುರುಳಿದರು.

ಇನ್ನೊಬ್ಬ ಓದುಗ, ಬೇಲೂರು:
ಒಂದು ಸಣ್ಣ ತಕರಾರು. ಅದೇ ಫೋರ್‌ಮನ್ 20 ವರ್ಷಗಳ ನಂತರ, 1994ರಲ್ಲಿ, ಮೈಕೆಲ್ ಮೂರರ್ ಎದುರು ಅಂಕಗಳಲ್ಲಿ ಹಿಂದಿದ್ದರೂ ತಾಳ್ಮೆಯಿಂದ ಕಾದು ಹತ್ತನೆಯ ಸುತ್ತಿನಲ್ಲಿ ಬಲಗೈಯ ಗುದ್ದಿನಿಂದ ಗೆದ್ದು, 45ನೆಯ ವಯಸ್ಸಿನಲ್ಲಿ ಹೆವಿವೇಟ್ ಪಟ್ಟವನ್ನು ಮರಳಿ ಪಡೆದರು. ಬಲವೇ ಇಲ್ಲದಿದ್ದರೆ ಆ ತಾಳ್ಮೆಯಿಂದ ಏನು ಫಲವಾಗುತ್ತಿತ್ತು? ಆದ್ದರಿಂದ ಪ್ರಶ್ನೆ ಕೇಳಿದವರು ವೇಗ ಮತ್ತು ಬಲದ ಅಭ್ಯಾಸವನ್ನು ಕೈಬಿಡಬಾರದು. ಎಡಗೈಯ ಜ್ಯಾಬ್‌ಗಳ (ಕೈಯನ್ನು ನೇರವಾಗಿ ಚಾಚಿ ಕೊಡುವ ಚುರುಕು ಗುದ್ದುಗಳ) ನಡುವಿನ ಅಂತರವನ್ನು ಒಮ್ಮೆ ಹಿಗ್ಗಿಸಿ, ಒಮ್ಮೆ ಕುಗ್ಗಿಸಿ ನೋಡಲಿ.

ಹಾಸನದ ಹೊಸಬ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಗೆಳೆಯನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ ನೋಡಿದೆ. ಮೃದಂಗದವರು ಹೇಳಿದಂತೆ ಮೂರನೆಯ ಪುಟಿತಕ್ಕೇ ನುಗ್ಗುತ್ತಿದ್ದೇನೆ. ಅದಕ್ಕೂ ಮೊದಲು ಪ್ರತಿ ಸಲವೂ ಭುಜ ಬಿಗಿದು ಉಸಿರು ಕಟ್ಟುತ್ತಿದ್ದೇನೆ. ಮುಂದಿನ ವಾರ ಬರೀ ಉಸಿರಿನ ಅಭ್ಯಾಸ ಮಾಡಿ, ಜ್ಯಾಬ್‌ನ ಅಂತರವನ್ನು ಅದರ ನಂತರ ಬದಲಾಯಿಸಬೇಕೆಂದಿದ್ದೇನೆ. ಈ ಕ್ರಮ ಸರಿಯೇ, ಮೇಷ್ಟ್ರೇ?