ನಮ್ಮ ಸೈಕಲ್ ಕ್ಲಬ್ಬನ್ನು ಟ್ರಸ್ಟ್ ಮಾಡಬೇಕಾ, ಬೇಡವಾ?

ಖಜಾಂಚಿ, ಶೆಟ್ಟಿಹಳ್ಳಿ

ಎಲ್ಲರಿಗೂ ನಮಸ್ಕಾರ. ಸರ್ವಸದಸ್ಯರ ಸಭೆಗೆ ಮುಂಚೆ ಈ ವಿಷಯ ಇಲ್ಲಿ ಮಾತಾಡಿಬಿಡೋಣ. ಕ್ಲಬ್ಬನ್ನು ಚಾರಿಟಬಲ್ ಟ್ರಸ್ಟ್ ಅಂತ ನೋಂದಾಯಿಸಬೇಕು ಅನ್ನುವವರು ಕೆಲವರು, ಬೇಡವೇ ಬೇಡ ಅನ್ನುವವರು ಕೆಲವರು. ಭಾನುವಾರ ತುಮಕೂರಿನಿಂದ ಹೊರಟು ದೇವರಾಯನದುರ್ಗ ಬೆಟ್ಟ ಹತ್ತಿಳಿದು ನಾಮದ ಚಿಲುಮೆ ಹತ್ತಿರ ನಿಂತರೆ ಇದೇ ಮಾತು. ಅಲ್ಲಿ ಧ್ವನಿ ಜೋರಿದ್ದವರದ್ದೇ ನಡೆಯುತ್ತದೆ. ಹಿಂದೆ ನಿಧಾನವಾಗಿ ಬರುವವರು ತಲುಪುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಬರವಣಿಗೆಯಲ್ಲಾದರೆ ಎಲ್ಲರದ್ದೂ ಬರುತ್ತದೆ.

ಹೊಸದಾಗಿ ಸೇರಿದವರಿಗಾಗಿ ಒಂದಿಷ್ಟು ಹಿನ್ನೆಲೆ. ನಮ್ಮ ಕ್ಲಬ್‌ಗೆ ರಿಜಿಸ್ಟ್ರೇಷನ್ ಇಲ್ಲ, ಪ್ಯಾನ್ ಇಲ್ಲ. ವರ್ಷಕ್ಕೆ ತಲಾ ಐನೂರು ರೂಪಾಯಿ. ಪಂಚರ್ ಕಿಟ್ಟು, ಪ್ರಥಮ ಚಿಕಿತ್ಸೆ ಡಬ್ಬಿ, ದೂರದ ಸವಾರಿ ಇದ್ದಾಗ ಹಿಂದೆ ಬರುವ ಗಾಡಿಯ ಡೀಸೆಲ್, ಇಷ್ಟಕ್ಕೆ ಅದು ಸಾಕಾಗುತ್ತಿತ್ತು. ಆಮೇಲೆ ಶಾಲೆ ಮಕ್ಕಳ ಸೈಕಲ್ ರಿಪೇರಿ ಸೇರಿಕೊಂಡಿತು. ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದು 2006-07ರಲ್ಲಿ ಶುರುವಾಗಿ, ಕೊರೊನಾ ಬಂದಾಗ ನಿಂತುಹೋಯಿತು. ಹಾಗಾಗಿ ಅಕ್ಕನಿಗೋ ಚಿಕ್ಕಮ್ಮನ ಮಗಳಿಗೋ ಕೊಟ್ಟಿದ್ದ ಹಳೇ ಸೈಕಲ್ಲೇ ಈಗಿನ ಮಕ್ಕಳಿಗೆ ಗತಿ. ಊರ್ಡಿಗೆರೆ ಕಡೆ ಒಂದು ಮನೆಗೆ ಹೋಗಿದ್ದೆವು. ಸೈಕಲ್ ಹಿತ್ತಲಲ್ಲಿ ಸೌದೆ ಪಕ್ಕ ನಿಂತಿತ್ತು. ಮುಂದಿನ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೋಳಿ ಮೊಟ್ಟೆ ಇಟ್ಟಿತ್ತು. ಆ ಮನೆಯ ಹುಡುಗಿ ಒಂಬತ್ತನೇ ಕ್ಲಾಸು, ದಿನಾ ನಡೆದೇ ಹೈಸ್ಕೂಲಿಗೆ ಹೋಗುತ್ತಿದ್ದಳು. ಸಂಜೆ ಸ್ಪೆಷಲ್ ಕ್ಲಾಸ್ ಇದ್ದ ದಿನ ಅವರಮ್ಮ ಕಳಿಸುತ್ತಲೇ ಇರಲಿಲ್ಲ. ಕತ್ತಲಾಗುತ್ತದಲ್ಲ, ಅದಕ್ಕೆ. ಈಗ ಅದೇ ಸೈಕಲ್ ಓಡುತ್ತಿದೆ, ಸ್ಪೆಷಲ್ ಕ್ಲಾಸಿಗೂ ಹೋಗುತ್ತಾಳೆ.

ಈ ಕೆಲಸ ನಿಲ್ಲಬಾರದು. ನನಗೆ ಬೇಕಾಗಿರುವುದು ಇಷ್ಟೇ.

ತೊಂದರೆ ಇರುವುದು ದುಡ್ಡಿನ ಕಡೆ. ಕ್ಲಬ್‌ಗೆ ಬರುವುದೆಲ್ಲಾ ನನ್ನ ಸ್ವಂತ ಖಾತೆಗೆ ಬರುತ್ತಿದೆ. ನಾನು ಮೆಡಿಕಲ್ ಸ್ಟೋರ್ ನಡೆಸುವವಳು. ಅಂಗಡಿ ವ್ಯಾಪಾರ, ಮನೆ ಖರ್ಚು, ಕ್ಲಬ್ ದೇಣಿಗೆ ಎಲ್ಲಾ ಒಂದೇ ಪಾಸ್‌ಬುಕ್ಕಿನಲ್ಲಿ. ನೋಟ್‌ಬುಕ್ಕಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಇದೆ, ಯಾರು ಬೇಕಾದರೂ ನೋಡಬಹುದು. ಆದರೂ ನಾಳೆ ಯಾರಾದರೂ ಕೇಳಿದರೆ ಅದು ಕ್ಲಬ್ಬಿನ ದುಡ್ಡು ಅಂತ ತೋರಿಸಲು ನನ್ನ ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಇನ್ನೊಂದು, ವಸಂತನರಸಾಪುರದ ಒಂದು ಕಂಪನಿಯವರು ಸಿಎಸ್ಆರ್ ಹಣ, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು, ಕೊಡುವ ಮಾತಾಡಿದ್ದಾರೆ. ಅದಕ್ಕೆ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ಕಡಿತ) ಇದೆಯಾ ಅಂತ ಕೇಳಿದರು.

ಟ್ರಸ್ಟ್ ಆದರೆ ಏನು ಸಿಗುತ್ತದೆ, ಏನು ಕಳೆದುಕೊಳ್ಳುತ್ತೇವೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬಟವಾಡಿ ಸವಾರ

ಮೇಡಂ, ನಿಮ್ಮ ಲೆಕ್ಕದ ಮೇಲೆ ಯಾರಿಗೂ ಅನುಮಾನ ಇಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ನನ್ನ ಓಟು ಬೇಡ ಅಂತಲೇ.

ನಾನು ಈ ಗುಂಪಿನಲ್ಲಿ ಮೊದಲಿಂದ ಇದ್ದೇನೆ. ಬೆಳಗ್ಗೆ ಐದೂವರೆಗೆ ಎಸ್ಐಟಿ ಗೇಟ್ ಹತ್ತಿರ ಸೇರುವುದು, ಓಡಿಸುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಅವರವರ ಕೆಲಸಕ್ಕೆ ಹೋಗುವುದು. ಅಧ್ಯಕ್ಷರಿಲ್ಲ, ವೇದಿಕೆ ಇಲ್ಲ, ಹಾರ ಇಲ್ಲ. ಆಟೋ ಓಡಿಸುವವರೂ ಡಾಕ್ಟರೂ ಒಂದೇ ಸಾಲಿನಲ್ಲಿ ಹೋಗುತ್ತಾರೆ. ಟ್ರಸ್ಟ್ ಅಂದ ತಕ್ಷಣ ಅಧ್ಯಕ್ಷರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ನಮ್ಮೂರಲ್ಲಿ ಒಂದು ಟ್ರಸ್ಟ್ ಇತ್ತು, ಹೆಸರು ಬೇಡ. ಊರವರೆಲ್ಲಾ ದುಡ್ಡು ಹಾಕಿ ವಾಚನಾಲಯ ಕಟ್ಟಿದರು. ಇಬ್ಬರು ಟ್ರಸ್ಟಿಗಳಿಗೆ ಮನಸ್ತಾಪ ಬಂತು. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು, ಒಬ್ಬರು ಹಾಕಲ್ಲ. ಕರೆಂಟ್ ಬಿಲ್ ಕಟ್ಟಲಾಗದೆ ಬೀಗ ಬಿತ್ತು. ದುಡ್ಡು ಹಾಕಿದ ನಮ್ಮಪ್ಪನಿಗೆ ಕೇಳುವ ಹಕ್ಕೇ ಇರಲಿಲ್ಲ.

ಮಕ್ಕಳ ಸೈಕಲ್ ಕೆಲಸಕ್ಕೆ ನಾನೂ ಬರುತ್ತೇನೆ, ಮುಂದೆಯೂ ಬರುತ್ತೇನೆ. ಅದಕ್ಕೋಸ್ಕರ ಕ್ಲಬ್ಬನ್ನು ಕಾಗದಪತ್ರದೊಳಗೆ ಕಟ್ಟಿಹಾಕಬೇಡಿ.

ಅಶೋಕನಗರ, ತೆರಿಗೆ ಕೆಲಸದವನು

ನನ್ನ ಹೊಟ್ಟೆಪಾಡೇ ಇದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಸೆಕ್ಷನ್‌ಗಳನ್ನು ಎಲ್ಲರ ಬಾಯಲ್ಲಿರುವ 1961ರ ಕಾಯ್ದೆಯ ನಂಬರಿನಲ್ಲೇ ಹೇಳುತ್ತೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ನಂಬರುಗಳು ಬೇರೆ.

ಮೊದಲು ಕ್ಲಬ್ ಮತ್ತು ಚಾರಿಟಿ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ನಾವು ನಾವೇ ದುಡ್ಡು ಹಾಕಿ ನಮಗೇ ಖರ್ಚು ಮಾಡಿಕೊಂಡರೆ ಅದು ಆದಾಯವೇ ಅಲ್ಲ, ತೆರಿಗೆಯೂ ಇಲ್ಲ. ಬ್ಯಾಂಕಿನ ಬಡ್ಡಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಬೆಂಗಳೂರು ಕ್ಲಬ್ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಕ್ಲಬ್ಬಿನ ಸದಸ್ಯರೇ ಆಗಿರುವ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಯ ಬಡ್ಡಿಗೂ ತೆರಿಗೆ ಕಟ್ಟಬೇಕು. ನಮ್ಮ ಹತ್ತಿರ ಠೇವಣಿ ಇಲ್ಲ, ಆ ಚಿಂತೆಯೂ ಇಲ್ಲ. ಅಂದರೆ ಭಾನುವಾರದ ಸವಾರಿಗೆ ಟ್ರಸ್ಟ್ ಮಾಡಿ ಉಳಿಸುವ ತೆರಿಗೆ ಏನೂ ಇಲ್ಲ.

ಚಾರಿಟಿ ಅಂದರೆ ಪ್ರಯೋಜನ ಸಾರ್ವಜನಿಕರಿಗೆ ಹೋಗಬೇಕು. ಕ್ರೀಡೆಯನ್ನು ಬೆಳೆಸುವುದೂ ಧರ್ಮಾರ್ಥ ಕೆಲಸವೇ ಅಂತ 1984ರಲ್ಲೇ ಕೇಂದ್ರ ನೇರ ತೆರಿಗೆ ಮಂಡಳಿಯ ಸುತ್ತೋಲೆ ಇದೆ, ನಂಬರ್ 395. ಅದನ್ನು ಹಿಡಿದು ಸೈಕ್ಲಿಂಗ್ ಕ್ಲಬ್ಬೇ ಚಾರಿಟಿ ಅಂತ ಅರ್ಜಿ ಹಾಕಬಹುದು. ಆದರೆ ಆಮೇಲೆ ನಮ್ಮ ಜೆರ್ಸಿ, ನಮ್ಮ ಹೆಲ್ಮೆಟ್, ನಮ್ಮ ತಿಂಡಿ ಯಾವುದನ್ನೂ ಆ ದುಡ್ಡಿನಲ್ಲಿ ಮುಟ್ಟುವ ಹಾಗಿಲ್ಲ. ಟ್ರಸ್ಟಿಗಳಿಗೋ ಅವರ ಮನೆಯವರಿಗೋ ಅನುಕೂಲ ಆಯಿತು ಅಂತಾದರೆ ವಿನಾಯಿತಿಗೇ ಕುತ್ತು. ವರ್ಷಕ್ಕೊಮ್ಮೆ ದೇವರಾಯನದುರ್ಗದ ಏರಿನ ಸ್ಪರ್ಧೆಗೆ ಎಂಟ್ರಿ ಫೀ ತಗೊಳ್ಳುತ್ತೇವಲ್ಲ, ಅದು ವ್ಯಾಪಾರದ ಥರ ಕಂಡರೆ ಒಟ್ಟು ಜಮೆಯಲ್ಲಿ ಶೇ 20ರೊಳಗೇ ಇರಬೇಕು. ನಮ್ಮಲ್ಲಿ ಅದು ಖಂಡಿತ ದಾಟುತ್ತದೆ.

ಈಗ 80ಜಿ. ಇದರ ಬಗ್ಗೆ ಜನ ಜಾಸ್ತಿ ಆಸೆ ಇಟ್ಟುಕೊಂಡಿದ್ದಾರೆ. ಹತ್ತು ಸಾವಿರ ಕೊಟ್ಟವರಿಗೆ ಕಡಿತ ಸಿಗುವುದು ಐದು ಸಾವಿರಕ್ಕೆ. ಅವರು ಶೇ 30ರ ಹಂತದಲ್ಲಿದ್ದರೆ ಉಳಿಯುವುದು ಸಾವಿರದೈನೂರು, ಸೆಸ್ ಸೇರಿದರೆ ಇನ್ನೂ ಸ್ವಲ್ಪ. ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ 80ಜಿ ಕಡಿತವೇ ಇಲ್ಲ. ನಮ್ಮ ದಾನಿಗಳಲ್ಲಿ ಬಹಳ ಜನ ಸಂಬಳದವರೇ ಅಲ್ವಾ? ಅವರು ಕೊಡುತ್ತಿರುವುದು ಮಕ್ಕಳನ್ನು ನೋಡಿ, ರಸೀದಿ ನೋಡಿ ಅಲ್ಲ.

ಕೆಲಸವಂತೂ ಹೆಚ್ಚುತ್ತದೆ. ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಪೂರ್ಣ ನೋಂದಣಿಗೆ ಮತ್ತೆ ಅರ್ಜಿ. ಪ್ರತಿ ವರ್ಷ ರಿಟರ್ನ್. ದಾನಿಗಳ ಪಟ್ಟಿ ಮೇ 31ರೊಳಗೆ ಸಲ್ಲಿಸಬೇಕು. ಬಂದ ಹಣದಲ್ಲಿ ಶೇ 85 ಉದ್ದೇಶಿತ ಕೆಲಸಕ್ಕೇ ಹೋಗಬೇಕು. ಬೇಡ ಅನಿಸಿದರೆ ಸುಮ್ನೆ ಬಿಟ್ಟು ಬರಲೂ ಆಗುವುದಿಲ್ಲ. ಆಸ್ತಿಯನ್ನು ಅಂಥದ್ದೇ ಇನ್ನೊಂದು ಸಂಸ್ಥೆಗೆ ಕೊಡಬೇಕು, ಇಲ್ಲವಾದರೆ ಗಟ್ಟಿಯಾಗಿ ತೆರಿಗೆ ಬೀಳುತ್ತದೆ.

ಬಟವಾಡಿ ಅಣ್ಣ ಹೇಳಿದ ಭಯ ನಿಜವಾದದ್ದು. ಟ್ರಸ್ಟ್ ಡೀಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದಮೇಲೆ ಅಧಿಕಾರ ಟ್ರಸ್ಟಿಗಳದ್ದು. ಮಹಾರಾಷ್ಟ್ರದಲ್ಲಾದರೆ ಚಾರಿಟಿ ಕಮಿಷನರ್ ಇದ್ದಾರೆ. ನಮ್ಮಲ್ಲಿ ಜಗಳ ಬಂದರೆ ಸಿವಿಲ್ ಕೋರ್ಟೇ ಗತಿ. ಸದಸ್ಯರಿಗೆ ಓಟು ಬೇಕು ಅಂದರೆ ಸೊಸೈಟಿ, ಅಂದರೆ ನೋಂದಾಯಿತ ಸಂಘ, ಒಳ್ಳೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ ಏಳು ಜನ. ವರ್ಷಕ್ಕೊಮ್ಮೆ ಸಭೆ, ಲೆಕ್ಕ ಮತ್ತು ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್‌ಗೆ. ಸೊಸೈಟಿಗೂ 12ಎ, 80ಜಿ ಸಿಗುತ್ತದೆ, ಟ್ರಸ್ಟೇ ಆಗಬೇಕು ಅಂತ ಏನಿಲ್ಲ.

ಕಾಲೇಜು ಹುಡುಗ, ಎಸ್ ಎಸ್ ಪುರಂ

ಸರ್, ಎರಡು ಡೌಟು. ಸೊಸೈಟಿ ಮಾಡಿದ ತಕ್ಷಣ ಆ ಕಂಪನಿಯ ಸಿಎಸ್ಆರ್ ಸಿಗುತ್ತಾ? ಮತ್ತೆ ನಮ್ಮ ಮಾವ ಅಮೆರಿಕದಲ್ಲಿದ್ದಾರೆ, ಅಲ್ಲಿನ ಪ್ರಜೆ ಆಗಿದ್ದಾರೆ. ಇಪ್ಪತ್ತು ಸೈಕಲ್ಲಿನ ಖರ್ಚು ನಾನು ಕೊಡುತ್ತೇನೆ ಅಂತಿದ್ದಾರೆ. ಮೇಡಂ ಖಾತೆಗೆ ಹಾಕಿಸಲಾ?

ಅಶೋಕನಗರ, ತೆರಿಗೆ ಕೆಲಸದವನು

ದಯವಿಟ್ಟು ಹಾಕಿಸಬೇಡ ತಮ್ಮ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಹೊರಗಿದ್ದು ತಮ್ಮ ಉಳಿತಾಯದಿಂದ ಕೊಟ್ಟರೆ ಪರವಾಗಿಲ್ಲ. ಬೇರೆ ದೇಶದ ಪ್ರಜೆ ಆದಮೇಲೆ ಅದು ವಿದೇಶಿ ದೇಣಿಗೆ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಒಂದು ರೂಪಾಯಿಯನ್ನೂ ತಗೊಳ್ಳುವಂತಿಲ್ಲ. ನೋಂದಣಿ ಇದ್ದರೂ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸದ್ಯಕ್ಕೆ ಮಾವನಿಗೆ ಬೇಡ ಅಂತ ಹೇಳು.

ಸಿಎಸ್ಆರ್ ತಕ್ಷಣ ಸಿಗುವುದಿಲ್ಲ. ನಮ್ಮಂಥ ಹೊರಗಿನ ಸಂಸ್ಥೆಗೆ 12ಎ, 80ಜಿ, ಸಿಎಸ್ಆರ್-1 (ಕೇಂದ್ರದ ಕಂಪನಿ ಇಲಾಖೆಯಲ್ಲಿ ಮಾಡಿಸುವಂಥದ್ದು) ನೋಂದಣಿಯ ಜೊತೆಗೆ ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಇರಬೇಕು. ಆದರೆ ಕಂಪನಿ ತನ್ನ ಸಿಎಸ್ಆರ್ ಕೆಲಸವನ್ನು ತಾನೇ ಮಾಡಬಹುದು. ಟೈರು, ಟ್ಯೂಬು, ಚೈನು ಅವರೇ ಬಿಲ್ ಮಾಡಿಸಿ ಶಾಲೆಗೆ ಕೊಡಲಿ. ಕೈಕೆಲಸ ನಮ್ಮದು. ದುಡ್ಡು ನಮ್ಮ ಕಡೆ ಬರುವುದೇ ಬೇಡ.

ಗುಬ್ಬಿ ಗೇಟ್ ಸೈಕಲ್ ಶಾಪ್

ನನಗೆ ಸೆಕ್ಷನ್ ಗೊತ್ತಿಲ್ಲ. ಕೆಲಸ ಗೊತ್ತಿದೆ, ಅದನ್ನು ಹೇಳುತ್ತೇನೆ.

ಆ ಸರ್ಕಾರಿ ಸೈಕಲ್‌ಗಳು ನಿಂತು ನಿಂತು ಕೆಟ್ಟವು. ಟೈರು ಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಟ್ಯೂಬು ರಿಮ್ಮಿಗೆ ಅಂಟಿರುತ್ತದೆ. ಮುಂದಿನ ಚಕ್ರದ ಹಬ್ ಬಿಚ್ಚಿದರೆ ಗ್ರೀಸ್ ಒಣಗಿ ಕಲ್ಲಾಗಿರುತ್ತದೆ. ಬಾಲ್ಸ್ ಬದಲಾಯಿಸಿದರೆ ಸಾಲದು, ಬಾಲ್ಸ್ ಉರುಳುವ ಕೋನ್ ಮೇಲೆ ಗೀರು ಬಿದ್ದಿದ್ದರೆ ಅದೂ ಹೊಸದು ಹಾಕಬೇಕು, ಇಲ್ಲದಿದ್ದರೆ ತಿಂಗಳೊಳಗೆ ಚಕ್ರ ಆಡುತ್ತದೆ. ಪೆಡಲ್ ಕಡ್ಡಿ ಹಿಡಿದಿಡುವ ಕಾಟರ್ ಪಿನ್ನು ತುಕ್ಕು ಹಿಡಿದು ಕೂತಿದ್ದರೆ ಬರೀ ಅದನ್ನು ಹೊಡೆದು ತೆಗೆಯಲು ಅರ್ಧ ಗಂಟೆ. ಭಾನುವಾರ ಬರುವವರು ಹುರುಪಿನಿಂದ ಪಂಚರ್ ಹಾಕುತ್ತಾರೆ, ಒರೆಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಬ್ರೇಕ್ ಹಿಡಿಯುತ್ತದಾ ಅಂತ ಕೊನೆಗೆ ಒಬ್ಬರು ಓಡಿಸಿ ನೋಡಲೇಬೇಕು. ಇಳಿಜಾರಿನ ಊರುಗಳು ಅವು. ಹೆಣ್ಣುಮಕ್ಕಳು ಹಿಂದೆ ತಮ್ಮನನ್ನು ಕೂರಿಸಿಕೊಂಡು ಬರುತ್ತಾರೆ.

ಸಾಮಾನು ಮಂಡಿಪೇಟೆಯಲ್ಲಿ ಸಗಟಿಗೆ ತಂದರೆ ಬಹಳ ಉಳಿಯುತ್ತದೆ. ಒಂದೇ ಸಲ ತರಲು ಕೈಯಲ್ಲಿ ದುಡ್ಡಿರಬೇಕು, ಈಗ ಅದೇ ಇಲ್ಲ. ಟ್ರಸ್ಟೋ ಸೊಸೈಟಿಯೋ, ಯಾವುದಾದರೂ ಮಾಡಿ, ಶಾಲೆ ಶುರುವಾಗುವ ಜೂನ್‌ಗೆ ಮುಂಚೆ ಸಾಮಾನು ಬರಲಿ.

ಬಟವಾಡಿ ಸವಾರ

ಸೊಸೈಟಿ, ಅದೂ ರಿಪೇರಿ ಕೆಲಸಕ್ಕೆ ಮಾತ್ರ ಅಂದರೆ ನನ್ನ ವಿರೋಧ ಇಲ್ಲ. ಏಳು ಜನರಲ್ಲಿ ನನ್ನ ಹೆಸರೂ ಬರೆದುಕೊಳ್ಳಿ. ಒಂದೇ ಷರತ್ತು, ಬೈಲಾದಲ್ಲಿ ಅಧಿಕಾರಾವಧಿ ಎರಡು ವರ್ಷ ಅಂತ ಇರಲಿ. ಆಮೇಲೆ ಬೇರೆಯವರು ಬರಲಿ.

ಖಜಾಂಚಿ, ಶೆಟ್ಟಿಹಳ್ಳಿ

ಎಲ್ಲರಿಗೂ ವಂದನೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಸವಾರಿ ಕ್ಲಬ್ ಇದ್ದ ಹಾಗೇ ಇರಲಿ. ಅದನ್ನು ಚಾರಿಟಿ ಅಂತ ಕರೆಯುವುದು ನನಗೂ ಸರಿ ಕಾಣುವುದಿಲ್ಲ. ನಾವು ದುರ್ಗ ಹತ್ತುವುದು ನಮ್ಮ ಖುಷಿಗೆ, ನಮ್ಮ ಆರೋಗ್ಯಕ್ಕೆ. ಮಕ್ಕಳ ಹೆಸರಿನಲ್ಲಿ ಕೊಟ್ಟ ದುಡ್ಡು ಆ ಕಡೆ ಒಂದು ರೂಪಾಯಿಯೂ ಹೋಗಬಾರದು. ಕ್ಲಬ್‌ಗೆ ಒಂದು ಪ್ಯಾನ್ ಮಾಡಿಸಿ, ಸಭೆಯ ನಡಾವಳಿ ಕೊಟ್ಟು, ಕ್ಲಬ್ ಹೆಸರಿನಲ್ಲೇ ಖಾತೆ ತೆರೆಯೋಣ. ನೋಂದಣಿ ಇಲ್ಲದ ಸಂಘಕ್ಕೂ ಖಾತೆ ಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ ಅಂತ ಅಶೋಕನಗರದ ಸರ್ ಫೋನಿನಲ್ಲಿ ಹೇಳಿದರು. ಇಬ್ಬರ ಸಹಿ ಇರಲಿ. ನನ್ನ ಪಾಸ್‌ಬುಕ್ಕಿಂದ ಇದು ಹೊರಗೆ ಹೋದರೆ ನನಗೂ ನಿದ್ದೆ ಬರುತ್ತದೆ.

ರಿಪೇರಿ ಕೆಲಸಕ್ಕೆ ಪ್ರತ್ಯೇಕ ಸೊಸೈಟಿ. ಅದರಲ್ಲಿ ಇಬ್ಬರಾದರೂ ಹೆಂಗಸರು, ಸೈಕಲ್ ಶಾಪ್ ಅಣ್ಣ, ಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಇರಲೇಬೇಕು ಅಂತ ಸಭೆಯಲ್ಲಿ ಕೇಳುತ್ತೇನೆ. ಹುಡುಗಿಯರ ಮನೆಗೆ ಹೋಗಿ ಮಾತಾಡಬೇಕಾದರೆ ಹೆಂಗಸರು ಬೇಕು. ಊರ್ಡಿಗೆರೆಯಲ್ಲಿ ಬರೀ ಗಂಡಸರು ಹೋಗಿದ್ದರೆ ಆ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. 80ಜಿ ಅರ್ಜಿಯನ್ನು ಈಗಲೇ ಹಾಕುವುದೋ ಆಮೇಲೋ ಅನ್ನುವುದನ್ನು ಆ ಏಳು ಜನ ತೀರ್ಮಾನಿಸಲಿ. ಮೂರು ವರ್ಷದ ಲೆಕ್ಕ ಮೊದಲ ದಿನದಿಂದಲೇ ಸರಿಯಾಗಿ ಬರೆದಿಟ್ಟರೆ ಮುಂದೆ ದೊಡ್ಡ ನೆರವು ಕೇಳಲು ಮುಖ ಇರುತ್ತದೆ.

ಕಂಪನಿಯವರಿಗೆ ಇವತ್ತೇ ಫೋನ್ ಮಾಡಿ, ದುಡ್ಡಿನ ಬದಲು ಸಾಮಾನನ್ನು ನೇರವಾಗಿ ಶಾಲೆಗೆ ಕೊಡುತ್ತೀರಾ ಅಂತ ಕೇಳುತ್ತೇನೆ. ಗುಬ್ಬಿ ಗೇಟ್ ಅಣ್ಣ, ಇಪ್ಪತ್ತು ಸೈಕಲ್ಲಿಗೆ ಏನೇನು ಬೇಕು ಅಂತ ಸೈಜಿನ ಸಮೇತ ಒಂದು ಪಟ್ಟಿ ಬರೆದು ಫೋಟೋ ಕಳಿಸಿ. ಕೋನ್, ಬಾಲ್ಸ್, ಬ್ರೇಕ್ ರಬ್ಬರ್ ಮರೆಯಬೇಡಿ. ಅವರು ಟೈರು ಟ್ಯೂಬು ಅಷ್ಟೇ ಕೊಟ್ಟು ಸುಮ್ಮನಾಗಬಾರದು.