ಸಹಾಯ ಬೇಕು: ಲ್ಯಾಪ್‌ಟಾಪ್ ಸ್ಕ್ರೂ ಎಂ2.5×5 ಎಂದರೆ ತಲೆ ಸೇರಿಸಿ 5 ಮಿ.ಮೀ. ಉದ್ದವೇ?

ಎಲ್ಲರಿಗೂ ನಮಸ್ಕಾರ. ಬ್ಯಾಟರಿ ಬದಲಿಸಲೆಂದು ತಂಗಿಯ ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿದೆ. ಹತ್ತು ಸ್ಕ್ರೂ ಇರಬೇಕಾದಲ್ಲಿ ಎಂಟೇ ಇದ್ದವು. ಹಿಂದೆ ರಿಪೇರಿ ಮಾಡಿದವರು ಎಡಗಡೆಯ ಹಿಂಜ್ (ಪರದೆ ತಿರುಗುವ ಕೀಲು) ಬಳಿಯ ಎರಡನ್ನು ಹಾಕಿಯೇ ಇಲ್ಲ. ಪರದೆ ತೆರೆದಾಗಲೆಲ್ಲ ಆ ಮೂಲೆ ಬಾಯಿ ಬಿಡುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೈಪಿಡಿಯಲ್ಲಿ ಹಿಂಜ್‌ಗೆ ಎಂ2.5×5 ಎಂದಿದೆ. ಎಂ ಎಂದರೆ ಮೆಟ್ರಿಕ್, 2.5 ಥ್ರೆಡ್‌ನ (ಸ್ಕ್ರೂವಿನ ಸುರುಳಿ ಗೀರಿನ) ಹೊರವ್ಯಾಸ, 5 ಉದ್ದ, ಎರಡೂ ಮಿಲಿಮೀಟರಿನಲ್ಲಿ. ಇಷ್ಟು ಗೊತ್ತು. ತೊಡಕಿರುವುದು ಉದ್ದದಲ್ಲಿ. ಒಳಗೆ ಮುಳುಗಿ ಕೂರುವ ಇಳಿಜಾರು ತಲೆಯ ಸ್ಕ್ರೂವನ್ನು ತಲೆ ಸೇರಿಸಿ ಅಳೆಯುತ್ತಾರೆ. ತಲೆಯ ಅಡಿ ಸಮತಟ್ಟಾಗಿದ್ದರೆ ತಲೆ ಬಿಟ್ಟು ಅಳೆಯುತ್ತಾರೆ. ಬಲಗಡೆಯ ಹಿಂಜ್‌ನಿಂದ ತೆಗೆದ ಮೂಲ ಸ್ಕ್ರೂವನ್ನು ಕ್ಯಾಲಿಪರ್‌ನಲ್ಲಿ ಹಿಡಿದೆ: ಒಟ್ಟು 4.9, ತಲೆಯ ಕೆಳಗೆ 4.1. ತಲೆ ತೆಳ್ಳಗೆ, ಅಗಲ. ಅಡಿ ತುಸು ಇಳಿಜಾರಾಗಿದೆ. ತುದಿಯಲ್ಲಿ ಸಡಿಲವಾಗದಿರಲು ಬಳಿಯುವ ನೀಲಿ ಲೇಪವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ತಂದ ಎಂ2.5×5ರಲ್ಲಿ ತಲೆಯ ಕೆಳಗೇ 5 ಮಿ.ಮೀ. ಇದೆ. ಅದನ್ನು ಬಿಗಿದರೆ ಕೀಬೋರ್ಡ್ ಕಡೆಯ ಪ್ಲಾಸ್ಟಿಕ್ ಉಬ್ಬೀತು ಎಂಬ ಭಯದಿಂದ ಕೈ ತಡೆದಿದ್ದೇನೆ.

ಹಾಗಾದರೆ ಎಂ2.5×4 ಸಮತಟ್ಟು ತಲೆಯದನ್ನು ಕೊಳ್ಳಲೇ, ಅಥವಾ ಇಳಿಜಾರು ತಲೆಯದನ್ನೇ ಹುಡುಕಬೇಕೇ? ನೀಲಿ ಲೇಪವಿಲ್ಲದ್ದು ಹಿಂಜ್‌ನಲ್ಲಿ ನಿಲ್ಲುತ್ತದೆಯೇ? ಕೈಯಾರೆ ಬದಲಿಸಿ ಅನುಭವವಿದ್ದವರು ದಯವಿಟ್ಟು ತಿಳಿಸಿ. ಸೋಮವಾರ ತಂಗಿ ಇದನ್ನು ಕಾಲೇಜಿಗೆ ಒಯ್ಯಬೇಕು.