ಪದಚರ್ಚೆ: 'ಸೂಪರ್ ಡೆಲಿಗೇಟ್'ಗೆ ಕನ್ನಡದಲ್ಲಿ ಏನು? (ಇವತ್ತೇ ಬೇಕು)

ಗೆಳೆಯರೇ,

ಅಮೆರಿಕದ ಚುನಾವಣೆ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಸಂಜೆಯೊಳಗೆ ಕಳಿಸಬೇಕು. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಮಾವೇಶದಲ್ಲಿ, ಯಾವ ಫಲಿತಾಂಶಕ್ಕೂ ಕಟ್ಟುಬೀಳದೆ ತಮ್ಮಿಷ್ಟದಂತೆ ಮತ ಹಾಕುವ ಪಕ್ಷದ ಮುಖಂಡರೇ ಈ ಸೂಪರ್ ಡೆಲಿಗೇಟ್‌ಗಳು. ಸಿಕ್ಕಿಕೊಂಡಿರುವ ವಾಕ್ಯ ಇದು: 'ಡೆಮಾಕ್ರಟಿಕ್ ಪಕ್ಷದ 2018ರ ತಿದ್ದುಪಡಿ ಪ್ರಕಾರ, ಒಬ್ಬರ ಗೆಲುವು ಮೊದಲೇ ಖಚಿತವಾಗಿದ್ದರೆ ಮಾತ್ರ ____ಗಳು ಮೊದಲ ಸುತ್ತಿನಲ್ಲಿ ಮತ ಹಾಕಬಹುದು.' 'ಮಹಾಪ್ರತಿನಿಧಿ' ಅಂತ ಬರೆದು ಅಳಿಸಿದೆ. ಪೌರಾಣಿಕ ನಾಟಕದ ಪಾತ್ರದ ಹೆಸರಿನಂತಿದೆ.

---

ಮೇಲಾಳು.

'ಆಳು' ಅಂದರೆ ಸೇವಕ. 'ಆಳು' ಅಂದರೆ ಆಳ್ವಿಕೆ ನಡೆಸು ಅಂತಲೂ ಹೌದು. ಪಕ್ಷಕ್ಕೆ ದುಡಿಯುವವನೂ ಅವನೇ, ಪಕ್ಷವನ್ನು ಆಳುವವನೂ ಅವನೇ. ಒಂದೇ ಪದದಲ್ಲಿ ಎರಡೂ ಬಂತು. 'ಪ್ರತಿನಿಧಿ'ಗೆ ಮಹಾಪ್ರಾಣ ಬೇರೆ ಬೇಕು, ಅದನ್ನು ಯಾರೂ ಉಲಿಯುವುದೂ ಇಲ್ಲ.

---

> ಮೇಲಾಳು.

ದಯವಿಟ್ಟು ಬೇಡ. ಓದಿದವರು ಮೇಸ್ತ್ರಿ ಅಂದುಕೊಳ್ಳುತ್ತಾರೆ.

ಪದ ಕಟ್ಟುವ ಮೊದಲು ಅವರು ಯಾರು ಅಂತ ನೋಡಬೇಕು ಅಲ್ವಾ? 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯಗಳಲ್ಲಿ ನಡೆಯುವ ಮತದಾನ) ಇಳಿಯದೆ ಷಿಕಾಗೊ ಸಮಾವೇಶದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾದರು. ಹೊರಗೆ ಬೀದಿಯಲ್ಲಿ ಲಾಠಿ, ಅಶ್ರುವಾಯು. ಆಮೇಲೆ ನಿಯಮ ಬದಲಾಗಿ ಪ್ರೈಮರಿಗಳಿಗೆ ಬಲ ಬಂತು. ಆ ದಾರಿಯಲ್ಲಿ ಬಂದ ಮೆಕ್‌ಗವರ್ನ್ 1972ರಲ್ಲಿ 49 ರಾಜ್ಯ ಸೋತರು. 1980ರಲ್ಲಿ ಕಾರ್ಟರ್ ಕೂಡ ಮಣ್ಣುಮುಕ್ಕಿದರು. ಪಕ್ಷದ ಹಿರಿತಲೆಗಳು ಗಾಬರಿಯಾದವು. ನಿಯಮ ಮತ್ತೆ ತಿದ್ದಲು ಜಿಮ್ ಹಂಟ್ ಆಯೋಗ ಕೂತಿತು. 1984ರಿಂದ ಸಂಸದರು, ಗವರ್ನರ್‌ಗಳು, ಪಕ್ಷದ ರಾಷ್ಟ್ರೀಯ ಸಮಿತಿಯವರು ತಮ್ಮ ಹುದ್ದೆಯ ಬಲದಿಂದಲೇ ಸಮಾವೇಶಕ್ಕೆ ಬಂದರು. ಅವರ ವೋಟಿಗೆ ಜಾಸ್ತಿ ತೂಕವೇನೂ ಇಲ್ಲ. ಪಕ್ಷವೇ ಈಗ 'ಆಟೋಮ್ಯಾಟಿಕ್ ಡೆಲಿಗೇಟ್' ಅನ್ನುತ್ತದೆ.

ನಮ್ಮಲ್ಲಿ ಪದ ಇದೆ: ಪದನಿಮಿತ್ತ, ಅಂದರೆ ಹುದ್ದೆಯ ಕಾರಣದಿಂದಲೇ ಬಂದ. ನಗರಸಭೆ ಅಧ್ಯಕ್ಷರ ಆಯ್ಕೆಗೆ ಶಾಸಕರೂ ಸಂಸದರೂ ಬಂದು ಕೈ ಎತ್ತುತ್ತಾರಲ್ಲ, ಅವರೇನು ವಾರ್ಡಿನಲ್ಲಿ ಗೆದ್ದವರೇ? ಅದೇ ಜಾತಿ. 'ಪದನಿಮಿತ್ತ ಪ್ರತಿನಿಧಿ' ಅಂತ ಬರೆಯಿರಿ.

---

> ನಮ್ಮಲ್ಲಿ ಪದ ಇದೆ

ನಮ್ಮಲ್ಲಿ ಇಲ್ಲ. ಸಂಸ್ಕೃತದಲ್ಲಿ ಇದೆ. ಇಂಗ್ಲಿಷಿನ ಸಾಲ ತೀರಿಸಲು ಸಂಸ್ಕೃತದಿಂದ ಸಾಲ.

---

ಸುಮ್ನೆ 'ಸೂಪರ್ ಪ್ರತಿನಿಧಿ' ಅಂದರೆ ಆಗುವುದಿಲ್ಲವೇ? ಬಸ್ಸು, ವೋಟು ಎಲ್ಲ ಬಂದಾಗ ಇಲ್ಲದ ಮಡಿ ಈಗ ಯಾಕೆ?

ಇನ್ನೊಂದು ಮಾತು. ರಿಪಬ್ಲಿಕನ್ನರಲ್ಲೂ ರಾಜ್ಯಕ್ಕೆ ಮೂವರು ಹುದ್ದೆಯಿಂದಲೇ ಬರುತ್ತಾರೆ. ಆದರೆ ಬಹುಪಾಲು ರಾಜ್ಯಗಳಲ್ಲಿ ಅವರು ತಮ್ಮ ರಾಜ್ಯದ ಫಲಿತಾಂಶಕ್ಕೆ ಕಟ್ಟುಬಿದ್ದವರು. 'ಪದನಿಮಿತ್ತ' ಅಂದರೆ ಅವರೂ ಸೇರಿಬಿಡುತ್ತಾರೆ. ಡೆಮಾಕ್ರಟರ ವಿಶೇಷ ಇರುವುದು ಕಟ್ಟಿಲ್ಲದಿರುವುದರಲ್ಲಿ.

---

ಕಟ್ಟಿಲ್ಲದ ಮೇಲಾಳು.

---

ಮೇಲಾಳಿನ ಮಾತು ಬಿಡಿ, ಉತ್ತರ ಕೊಡುವುದಿಲ್ಲ.

ರಿಪಬ್ಲಿಕನ್ನರ ವಿಷಯ ಸರಿ. ಆದರೆ ಈ ವಾಕ್ಯದಲ್ಲಿ ಪಕ್ಷದ ಹೆಸರೇ ಇದೆ, ಗೊಂದಲ ಆಗುವುದಿಲ್ಲ. 'ಸೂಪರ್' ಮಾತ್ರ ಬೇಡ. ಕನ್ನಡದಲ್ಲಿ ಅದು ಹೊಗಳಿಕೆ. ಸಾರು ಸೂಪರ್, ಸಿನಿಮಾ ಸೂಪರ್. ಅಲ್ಲಿ 2016ರಲ್ಲಿ, ಪಕ್ಷದೊಳಗೇ ಹಿಲರಿ ಕ್ಲಿಂಟನ್‌ಗೆ ಎದುರಾಳಿಯಾಗಿದ್ದ ಬರ್ನೀ ಸ್ಯಾಂಡರ್ಸ್ ಕಡೆಯವರ ಬಾಯಲ್ಲಿ ಅದು ಬೈಗುಳವೇ ಆಗಿತ್ತು. ಒಂದೂ ಪ್ರೈಮರಿ ನಡೆಯುವ ಮೊದಲೇ ಇಂಥ ನೂರಾರು ಜನ ಹಿಲರಿ ಕ್ಲಿಂಟನ್ ಪರ ನಿಂತಿದ್ದರು. ಟಿವಿಯವರು ಅದನ್ನೂ ಲೆಕ್ಕಕ್ಕೆ ಸೇರಿಸಿ ತೋರಿಸಿದರು. ಓಟ ಶುರುವಾಗುವ ಮೊದಲೇ ಒಬ್ಬರು ಮುಂದೆ! ನಿಮ್ಮ ವಾಕ್ಯದ 2018ರ ತಿದ್ದುಪಡಿ ಬಂದದ್ದು ಆ ಸಿಟ್ಟಿನಿಂದ.

---

ಎಲ್ಲರಿಗೂ ಥ್ಯಾಂಕ್ಸ್. 'ಸೂಪರ್ ಡೆಲಿಗೇಟ್ ಎಂದು ಕರೆಯಲಾಗುವ ಪದನಿಮಿತ್ತ ಪ್ರತಿನಿಧಿಗಳು' ಅಂತ ಒಮ್ಮೆ ಹಾಕಿ, ಮುಂದೆ ಬರೀ 'ಪದನಿಮಿತ್ತರು' ಅಂತ ಇಟ್ಟಿದ್ದೇನೆ.

ಇನ್ನೊಂದು ತೊಡಕು ಉಳಿದಿದೆ. ಪ್ರೈಮರಿಯಲ್ಲಿ ಓಡುವವರೂ 'ಅಭ್ಯರ್ಥಿ', ಪಕ್ಷ ಕೊನೆಗೆ ಆರಿಸಿದವರೂ 'ಅಭ್ಯರ್ಥಿ'. ಬೇರೆ ಮಾಡುವುದು ಹೇಗೆ?

---

ಓಡುವವರು 'ಆಕಾಂಕ್ಷಿ'. ಟಿಕೆಟ್ ಆಕಾಂಕ್ಷಿ ಅಂತ ಪೇಪರಿನಲ್ಲಿ ದಿನಾ ಬರುತ್ತದಲ್ಲ. ಗೆದ್ದು ಬಂದವರು 'ಅಭ್ಯರ್ಥಿ'. ಬಗೆಹರಿಯಿತು.

---

'ಅಭ್ಯರ್ಥಿ'ಯಲ್ಲಿ ಎರಡು ಮಹಾಪ್ರಾಣ. 'ಆಕಾಂಕ್ಷಿ'ಗೆ ಕನ್ನಡದಲ್ಲಿ ಹಂಬಲಿಗ.